ಹೋಳಿಗೆಯ ಹದದಲ್ಲಿ ಆಲೂ ಪರಾಠಾ

ನಮ್ಮ ಮನೆಯಲ್ಲಿ ಮೊದಲ ಸಲ ಆಲೂ ಪರಾಠಾ ಮಾಡಿದವನು ನಾನೇ, ಅದೂ ಹುಮನಾಬಾದಿನಿಂದ ಬೀಗರು ಬಂದ ದಿನ. ಲಟ್ಟಿಸುವಾಗಲೇ ಉಳ್ಳಾಗಡ್ಡಿಯ ಚೂರು ಹಿಟ್ಟು ಹರಿದು ಇಣುಕಿತು. ತವಾಕ್ಕೆ ಹಾಕಿದರೆ ಒಳಗಿನದೆಲ್ಲ ಹೊರಗೆ ಬಂದು ಸೀದು ಹೊಗೆ ಎದ್ದಿತು. ಬೀಗರು ಮರ್ಯಾದೆಗೆ ‘ರುಚಿ ಛಲೋ ಅದ’ ಅಂದರು. ಅವ್ವ ಮಾತ್ರ ಬಿಡಲಿಲ್ಲ: ‘ಇಷ್ಟು ವರ್ಷ ಹೋಳಿಗಿ ತಿಂದೀಯಲ್ಲ, ಮಾಡೋದು ನೋಡಿಲ್ಲೇನೋ? ಕಣಕ, ಹೂರಣ ಎರಡೂ ಒಂದೇ ಹದಕ್ಕ ಇರಬೇಕು. ಇಲ್ಲಂದ್ರ ಹರೀತದ.’

ಅಂದಿನಿಂದ ನಾನು ಪರಾಠಾವನ್ನು ಖಾರದ ಹೋಳಿಗೆ ಅಂತಲೇ ತಿಳಿದು ಮಾಡುತ್ತೇನೆ. ದಿಲ್ಲಿಯ ಚಾಂದನಿ ಚೌಕದ ಪರಾಠೇವಾಲಿ ಗಲ್ಲಿಯಲ್ಲಿ ಅದನ್ನು ಬಾಣಲೆಯಲ್ಲಿ ಕರಿಯುತ್ತಾರೆ, ಆಲೂ ತುಂಬಿದ ಅಮೃತಸರದ ಕುಲ್ಚಾ ರೊಟ್ಟಿ ತಂದೂರಿನಲ್ಲಿ ಬೇಯುತ್ತದೆ. ಅವೆರಡೂ ಇಲ್ಲಿ ಬೇಡ. ಬೀದರಿನಲ್ಲಿ ನಾನಕ ಝೀರಾ ಗುರುದ್ವಾರದ ಕಡೆ ಹೋದಾಗ ತಿಂದು ಬರುತ್ತೇವಲ್ಲ, ತವಾದ ಮೇಲಿನದು, ಅದನ್ನೇ ಹೇಳುತ್ತೇನೆ. ಈ ಅಳತೆಗೆ ಆರು ಆಗುತ್ತವೆ.

ಗೋಧಿ ಹಿಟ್ಟು ಎರಡು ಕಪ್, ಅಂದರೆ ಸುಮಾರು 250 ಗ್ರಾಂ. ಗಿರಣಿಯಲ್ಲಿ ಬೀಸಿಸಿದ್ದಾದರೆ ಸಾಣಿಸಿಕೊಳ್ಳಿ, ದಪ್ಪ ತೌಡು ಉಳಿದರೆ ಅಲ್ಲೇ ಹರಿಯುತ್ತದೆ. ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ, ಚಿಟಿಕೆ ಅಜವಾನ (ಓಮ). ಮುಕ್ಕಾಲು ಕಪ್ಪಿನಷ್ಟು ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ಮೆತ್ತಗೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಿ. ಜೋಳದ ಹಿಟ್ಟಿಗೆ ಜಿಗಿ ಇಲ್ಲ, ಅದಕ್ಕೇ ಬಿಸಿನೀರು ಹಾಕಿ ನಾದಿ ಕೈಯಲ್ಲಿ ಬಡಿಯುತ್ತೇವೆ. ಗೋಧಿಗೆ ಜಿಗಿ ಜಾಸ್ತಿ. ನಾದಿದ ಕೂಡಲೇ ಲಟ್ಟಿಸಲು ಹೋದರೆ ರಬ್ಬರಿನ ಹಾಗೆ ಹಿಂದಕ್ಕೆ ಸರಿಯುತ್ತದೆ.

ಈಗ ಹೂರಣ. ಕೆಡುವುದು ಇಲ್ಲೇ, ಕಾರಣ ನೀರು. ನಾಲ್ಕು ಮಧ್ಯಮ ಗಾತ್ರದ ಆಲೂಗಡ್ಡೆಯನ್ನು ಸಿಪ್ಪೆ ಸಮೇತ, ಇಡಿಯಾಗಿ ಬೇಯಿಸಿ. ಹೆಚ್ಚಿ ಬೇಯಿಸಿದರೆ ನೀರು ಕುಡಿಯುತ್ತದೆ. ಸುಲಿದು ಪೂರ್ತಿ ಆರಲು ಬಿಡಿ, ಬಿಸಿ ಇರುವಾಗಲೇ ತುಂಬಿದರೆ ಒಳಗೆ ಹಬೆ ಕಟ್ಟುತ್ತದೆ. ಆಮೇಲೆ ಕೈಯಿಂದ ಕಿವುಚದೆ ತುರಿಮಣೆಯಲ್ಲಿ ತುರಿಯಿರಿ, ಒಂದು ಗಂಟೂ ಉಳಿಯುವುದಿಲ್ಲ. ಮಿಕ್ಸಿಗೆ ಹಾಕಿದಿರೋ, ಗೋಂದು ಆಯಿತು.

ಒಂದು ಸಣ್ಣ ಉಳ್ಳಾಗಡ್ಡಿಯನ್ನು ಸಾಸಿವೆಯಷ್ಟು ಅಲ್ಲದಿದ್ದರೂ ಬೇಳೆಯಷ್ಟು ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಹಚ್ಚಿ ಐದು ನಿಮಿಷ ಇಡಿ. ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಎರಡು ಚಮಚ ನೀರಾದರೂ ಬರುತ್ತದೆ. ನನ್ನ ಮೊದಲ ಪರಾಠಾ ಹರಿದದ್ದು ಈ ನೀರಿನಿಂದಲೇ. ಎರಡು ಹಸಿ ಮೆಣಸಿನಕಾಯಿ, ಒಂದು ಮುಷ್ಟಿ ಒಣಗಿದ ಕೊತ್ತಂಬರಿ ಸೊಪ್ಪು (ಒಣಗಿದ ಅಂದರೆ ತೊಳೆದ ನೀರು ಆರಿದ್ದು), ಜಜ್ಜಿದ ಧನಿಯಾ ಒಂದು ಚಮಚ, ಜೀರಿಗೆ ಪುಡಿ, ಖಾರದ ಪುಡಿ, ಅರ್ಧ ಚಮಚ ಆಮ್‌ಚೂರ್ (ಒಣ ಮಾವಿನಕಾಯಿ ಪುಡಿ). ನಿಂಬೆರಸ ಬೇಡ, ಅದೂ ನೀರೇ. ಉಪ್ಪನ್ನು ತುಂಬುವ ಹೊತ್ತಿಗೆ ಹಾಕಿ.

ಕಣಕದ ಉಂಡೆಯನ್ನೂ ಹೂರಣದ ಉಂಡೆಯನ್ನೂ ಪಕ್ಕದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿ. ಎರಡೂ ಒಂದೇ ಥರ ಕುಗ್ಗಬೇಕು. ಹೂರಣ ಸಡಿಲಿದ್ದರೆ ಒಂದು ಚಮಚ ಪುಟಾಣಿ (ಹುರಿಗಡಲೆ) ಪುಡಿ ಕಲಸಿ. ಕಣಕ ಗಟ್ಟಿಯಿದ್ದರೆ ಒದ್ದೆ ಕೈಯಲ್ಲಿ ಇನ್ನೊಂದು ಸಲ ನಾದಿ.

ಉಂಡೆಗಳೂ ಸಮ ಗಾತ್ರದವೇ, ದೊಡ್ಡ ನಿಂಬೆಹಣ್ಣಿನಷ್ಟು. ಕಣಕವನ್ನು ಅಂಗೈಯಲ್ಲಿ ಅಗಲ ಮಾಡುವಾಗ ಅಂಚು ತೆಳ್ಳಗೆ, ನಡು ದಪ್ಪ ಇರಲಿ. ಹೂರಣ ಇಟ್ಟು ಅಂಚನ್ನು ಮೇಲಕ್ಕೆ ಎಳೆದು ಜುಟ್ಟು ಕಟ್ಟಿ, ಹೆಚ್ಚಾದ ಜುಟ್ಟನ್ನು ಚಿವುಟಿ ತೆಗೆಯಿರಿ, ಇಲ್ಲದಿದ್ದರೆ ಅಲ್ಲಿ ಹಸಿ ಹಿಟ್ಟಿನ ಗಂಟು ಹಲ್ಲಿಗೆ ಸಿಗುತ್ತದೆ. ಲಟ್ಟಣಿಗೆ ಹಿಡಿಯುವ ಮೊದಲು ಬೆರಳಿನಿಂದ ನಡುವಿನಿಂದ ಅಂಚಿಗೆ ತಟ್ಟಿ. ಗಾಳಿ ಹೊರಟು ಹೂರಣ ಅಂಚಿನವರೆಗೂ ಹೋಗುತ್ತದೆ. ಆಮೇಲೆ ಹಗುರ ಕೈಯಲ್ಲಿ, ಏಳು ಇಂಚಿನಷ್ಟು ಲಟ್ಟಿಸಿದರೆ ಸಾಕು.

ರೊಟ್ಟಿಯ ಕಬ್ಬಿಣದ ಹಂಚೇ ಇದಕ್ಕೆ ಚಲೋ. ನೀರು ಚಿಮುಕಿಸಿದರೆ ಹನಿ ಕುಣಿದು ಹೋಗುವಷ್ಟು ಕಾಯಲಿ. ಮೊದಲು ಎರಡೂ ಮಗ್ಗುಲು ಎಣ್ಣೆ ಇಲ್ಲದೆ, ಬಣ್ಣ ಬಿಳಿಚಿ ಸಣ್ಣ ಗುಳ್ಳೆ ಏಳುವವರೆಗೆ ಬೇಯಿಸಿ. ಆಮೇಲೆ ಉರಿ ಸ್ವಲ್ಪ ತಗ್ಗಿಸಿ ತುಪ್ಪ ಹಚ್ಚಿ, ಮಡಚಿದ ಬಟ್ಟೆಯಿಂದ ಅಂಚನ್ನು ಒತ್ತುತ್ತಾ ತಿರುಗಿಸಿ. ಅಂಗಡಿಯವನ ತವಾ ದೊಡ್ಡದು, ಎಲ್ಲ ಕಡೆ ಒಂದೇ ಸಮ ಕಾದಿರುತ್ತದೆ. ನಮ್ಮ ಗ್ಯಾಸಿನ ಮೇಲೆ ನಡು ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ. ಹಾಗಾಗಿ ಒತ್ತುವುದನ್ನು ಬಿಡಬೇಡಿ.

ಬಿಸಿ ಇರುವಾಗ ಒಂದರ ಮೇಲೊಂದು ಒಟ್ಟಬೇಡಿ, ಬೆವತು ಮೆತ್ತಗಾಗುತ್ತವೆ. ಜೊತೆಗೆ ಕೆನೆ ಮೊಸರು, ಶೇಂಗಾ ಹಿಂಡಿ (ಚಟ್ನಿ ಪುಡಿ). ಪಂಜಾಬಿನವರು ಬೆಣ್ಣೆ, ಉಪ್ಪಿನಕಾಯಿ ಅನ್ನುತ್ತಾರೆ, ಅನ್ನಲಿ. ಹೂರಣ ಉಳಿದರೆ ಸಂಜೆ ಕಡಲೆ ಹಿಟ್ಟಿನಲ್ಲಿ ಅದ್ದಿ ಬೋಂಡಾ ಕರಿಯುತ್ತೇವೆ. ಅವ್ವ ಅದಕ್ಕಾಗಿಯೇ ಒಂದು ಆಲೂಗಡ್ಡೆ ಹೆಚ್ಚಿಗೆ ಹಾಕಿಸುತ್ತಾಳೆ.