ಐವತ್ತು ನಿಮಿಷ, ಹದಿನೈದು ವಚನ: ಮುಂಬೈಯ ಕನ್ನಡ ಸಭೆಯಲ್ಲಿ ಸತ್ಯವೇದ ಪಾಠ

ನಮ್ಮ ಕ್ರೈಸ್ತ ಸಭೆಯಲ್ಲಿ ಸತ್ಯವೇದ (ಬೈಬಲ್) ಪಾಠ ಮುಗಿದ ಮೇಲೆ ನಾವು ಮೊದಲು ನೋಡುವುದು ಗಡಿಯಾರದ ಲೆಕ್ಕ. 50 ನಿಮಿಷದಲ್ಲಿ ಬೋಧಕರು ಮಾತಾಡಿದ್ದು ಎಷ್ಟು ಹೊತ್ತು? 15 ನಿಮಿಷ ದಾಟಿದ್ದರೆ ಆ ದಿನ ನಡೆದದ್ದು ಎರಡನೇ ಪ್ರಸಂಗ. ಪ್ರಸಂಗಕ್ಕೆ ಆರಾಧನೆಯಲ್ಲಿ ಜಾಗ ಇದ್ದೇ ಇದೆ, ಅದನ್ನು ಸಭಾಪಾಲಕರಾದ ಅಯ್ಯನವರು ನೋಡಿಕೊಳ್ಳುತ್ತಾರೆ. ಪಾಠದಲ್ಲಿ ಜನ ತಾವೇ ಪುಸ್ತಕ ತೆರೆದು, ಬೆರಳಿಟ್ಟು, ‘ಇಲ್ಲಿ ಹೀಗಿದೆಯಲ್ಲ?’ ಎಂದು ಕೇಳಬೇಕು. ಹಾಗಾಗಿ ಸಹಾಯಕರೊಬ್ಬರು ಹಿಂದೆ ಕೂತು ನೋಟ್‌ಬುಕ್‌ನಲ್ಲಿ ಎಲ್ಲರ ಹೆಸರಿನ ಮುಂದೆ ಗೆರೆ ಎಳೆಯುತ್ತಾ ಹೋಗುತ್ತಾರೆ. ಒಂದು ಸಲ ಬಾಯಿ ಬಿಟ್ಟರೆ ಒಂದು ಗೆರೆ. ಮೂರು ವಾರ ಗೆರೆ ಕಾಣದ ಹೆಸರು ಯಾವುದೆಂದು ಆಗ ಗೊತ್ತಾಗುತ್ತದೆ. ಈ ವಿಷಯದಲ್ಲಿ ಬೋಧಕರ ನೆನಪನ್ನು ನಂಬುವಂತಿಲ್ಲ; ಎಲ್ಲರೂ ಮಾತಾಡಿದರು ಎಂದೇ ಅವರಿಗೆ ಅನ್ನಿಸಿರುತ್ತದೆ.

ಎಫೆಸದವರಿಗೆ ಬರೆದ ಪತ್ರಿಕೆಯ 4:11-12ರಲ್ಲಿ ಸಭಾಪಾಲಕರನ್ನೂ ಉಪದೇಶಿಗಳನ್ನೂ ಜೊತೆಯಾಗಿ ಹೆಸರಿಸಿ, ದೇವಜನರನ್ನು ಸಿದ್ಧಮಾಡಲಿಕ್ಕೆಂದೇ ಅವರನ್ನು ಕೊಡಲಾಗಿದೆ ಎಂದು ಪೌಲನು ಹೇಳುತ್ತಾನೆ. ಆ ‘ಸಿದ್ಧಮಾಡು’ ಎಂಬುದರ ಹಿಂದಿರುವ ಗ್ರೀಕ್ ನಾಮಪದ ಯಾವ ಕ್ರಿಯಾಪದದಿಂದ ಹುಟ್ಟಿತೋ ಅದೇ ಮಾರ್ಕ 1:19ರಲ್ಲಿ ಇದೆ: ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ವರ್ಸೋವಾದಲ್ಲೋ ಮಲ್ಪೆಯಲ್ಲೋ ಈ ಕೆಲಸ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬಲೆಯನ್ನು ಮಡಿಲ ಮೇಲೆ ಹರಡಿಕೊಂಡು, ಹರಿದ ಕಣ್ಣು ಎಲ್ಲಿದೆಯೆಂದು ಹುಡುಕಿ, ಅಲ್ಲಷ್ಟೇ ಗಂಟು ಹಾಕುತ್ತಾರೆ. ಗೆರೆಯ ಲೆಕ್ಕ ಇಡುವುದೂ ಹರಿದ ಕಣ್ಣು ಸಿಗಲೆಂದೇ.

ಮುಂಬೈಯಲ್ಲಿ ಮೊದಲ ತೊಡಕು ವೇಳೆಯದು. ಭಾನುವಾರ ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದರೆ ಸಾಮಾನ್ಯವಾಗಿ ಬೆಳಗಿನ 11ರ ಆಸುಪಾಸಿನಿಂದ ಸಂಜೆ 4ರವರೆಗೆ ಗಾಡಿಗಳು ಅಸ್ತವ್ಯಸ್ತ. ಕಲ್ಯಾಣ, ಡೊಂಬಿವಲಿ, ಮಾನಖುರ್ದ್ ಕಡೆಯವರು ಅದಕ್ಕೆ ಮೊದಲೇ ಬಂದರೆ ಬಂದರು. ಆದ್ದರಿಂದ ಪಾಠವನ್ನು ಆರಾಧನೆಗೆ ಮುಂಚೆ ಇಡುತ್ತೇವೆ. ಆಮೇಲೆ ಇಟ್ಟರೆ ಅರ್ಧ ಜನರ ಮನಸ್ಸು ಪ್ಲಾಟ್‌ಫಾರ್ಮಿನಲ್ಲಿ, ಇನ್ನರ್ಧ ಜನರದು ಅಡುಗೆಮನೆಯಲ್ಲಿ. ಶನಿವಾರ ಸಂಜೆ ಬ್ಲಾಕಿನ ವೇಳೆ ನೋಡಿ ಗ್ರೂಪಿಗೆ ಹಾಕುವುದು ಒಬ್ಬರ ಖಾಯಂ ಕೆಲಸ. ಹೋಟೆಲಿನವರಿಗಂತೂ ಭಾನುವಾರವೇ ಗಿರಾಕಿಯ ದಿನ. ಅವರ ಪಾಠ ವಾರದ ನಡುವೆ, ಮಧ್ಯಾಹ್ನದ ಊಟದ ಗಿರಾಕಿ ಇಳಿದ ಮೇಲೆ, 3:30ರಿಂದ 4:20. ಐದು ನಿಮಿಷ ಹೆಚ್ಚಾದರೂ ಸಂಜೆಯ ತಿಂಡಿಯ ತಯಾರಿಗೆ ಅಡ್ಡಿ, ಮುಂದಿನ ವಾರ ಅವರನ್ನು ಯಾರೂ ಬಿಡುವುದಿಲ್ಲ.

ಒಂದು ಗುಂಪಿಗೆ 8ರಿಂದ 12 ಜನ. 13ನೆಯವರು ಬಂದ ದಿನವೇ ಎರಡು ಗುಂಪು ಮಾಡುವ ಮಾತು ಶುರುವಾಗಬೇಕು. ಚಾಪೆಯ ಮೇಲೆ ಗುಂಡಗೆ ಕೂರಿಸುತ್ತೇವೆ. ಬೆಂಚಿನ ಸಾಲಿನಲ್ಲಿ ಕೂತವರು ಮುಂದಿನವರ ಬೆನ್ನನ್ನಷ್ಟೇ ನೋಡುತ್ತಾರೆ. ದೊಡ್ಡಕ್ಷರದ ಸತ್ಯವೇದ ಎರಡಾದರೂ ಇರಲಿ. ಓದಲು ಬಾರದವರಿಗೆ ಆ ವಾರದ ಭಾಗವನ್ನು ನಿಧಾನವಾಗಿ ಓದಿ, ಮೂರು ನಿಮಿಷದ ಧ್ವನಿಮುದ್ರಣ ಮಾಡಿ, ಬುಧವಾರವೇ ಕಳುಹಿಸುತ್ತೇವೆ. ಪಾತ್ರೆ ತೊಳೆಯುತ್ತಾ ನಾಲ್ಕು ಸಲ ಕೇಳಿ ಬರುವ ಅಕ್ಕಂದಿರು ಪುಸ್ತಕ ಹಿಡಿದವರಿಗಿಂತ ಚೆನ್ನಾಗಿ ಕಥೆ ಹೇಳುತ್ತಾರೆ.

ಬೋಧಕರ ತಯಾರಿಗೆ ವಾರಕ್ಕೆ ಐದಾರು ಗಂಟೆ ಬೇಕು, ಅದೂ ದಿನಕ್ಕಿಷ್ಟೆಂದು ಹಂಚಿಕೊಂಡು. ಶನಿವಾರ ರಾತ್ರಿ ಒಂದೇ ಸಲಕ್ಕೆ ಕೂತರೆ ಆಗುವುದಿಲ್ಲ. ಸೋಮವಾರ, ಮಂಗಳವಾರ ಬರೀ ಓದು: 12ರಿಂದ 15 ವಚನದ ಭಾಗವನ್ನು ಗಟ್ಟಿಯಾಗಿ ಹತ್ತು ಸಲ, ಹಿಂದಿನ ಮುಂದಿನ ಅಧ್ಯಾಯವನ್ನು ಒಂದೊಂದು ಸಲ. ವ್ಯಾಖ್ಯಾನದ ಪುಸ್ತಕವನ್ನಾಗಲಿ ಯೂಟ್ಯೂಬನ್ನಾಗಲಿ ಈ ಎರಡು ದಿನ ಮುಟ್ಟಬಾರದು. ಮೊದಲೇ ಮುಟ್ಟಿದರೆ ಬೇರೆಯವರ ಕಣ್ಣಿನಿಂದಲೇ ಓದುತ್ತೀರಿ. ಬುಧವಾರ ಇನ್ನೊಂದು ಅನುವಾದದ ಜೊತೆ ಹೋಲಿಸಿ, ಎಲ್ಲಿ ಮಾತು ಬೇರೆಯಾಗಿದೆಯೋ ಅಲ್ಲಿ ಪೆನ್ಸಿಲ್ ಗುರುತು. ಗುರುವಾರ ವ್ಯಾಖ್ಯಾನ. ಶುಕ್ರವಾರ ಪ್ರಶ್ನೆ ಬರೆಯುವುದು.

ಹಿಂದು ಮುಂದು ಓದದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಡಿಸೆಂಬರ್ 31ರ ರಾತ್ರಿಯ ವಾಗ್ದಾನದ ಚೀಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ತಟ್ಟೆಯಿಂದ ಒಂದೊಂದು ವಚನ ಬರೆದ ಚೀಟಿ ಎತ್ತಿದರೆ ಯಾರಿಗಾದರೂ ಯೆರೆಮೀಯ 29:11 ಬಂದೇ ಬರುತ್ತದೆ: ದೇವರ ಆಲೋಚನೆಗಳು ಹಿತಕ್ಕಾಗಿ, ಗತಿಯೂ ನಿರೀಕ್ಷೆಯೂ ಇರಲೆಂದು. ಚೀಟಿ ಗೋಡೆಗೆ ಅಂಟುತ್ತದೆ, ಮಾರ್ಚಿನೊಳಗೆ ಮಗನಿಗೆ ಕೆಲಸ ಸಿಗದಿದ್ದರೆ ವಾಗ್ದಾನದ ಮೇಲೆ ಅನುಮಾನ. ಪಾಠದಲ್ಲಿ ನಾವು 29ನೇ ಅಧ್ಯಾಯವನ್ನು ಮೊದಲಿನಿಂದ ಓದಿಸುತ್ತೇವೆ. ಇದೊಂದು ಪತ್ರ. ಬರೆದವನು ಯೆರೂಸಲೇಮಿನಲ್ಲಿ, ಓದುವವರು ಸೆರೆಯಾಗಿ ಬಾಬೆಲಿಗೆ (ಬ್ಯಾಬಿಲೋನಿಗೆ) ಹೋದವರು. 5ನೇ ವಚನ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ. 6: ಮಕ್ಕಳಿಗೆ ಮದುವೆ ಮಾಡಿ. 7: ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿ, ಅದಕ್ಕಾಗಿ ಪ್ರಾರ್ಥಿಸಿ. 8, 9: ಬೇಗ ಊರಿಗೆ ಹೋಗುತ್ತೀರಿ ಎನ್ನುವ ಪ್ರವಾದಿಗಳನ್ನು ನಂಬಬೇಡಿ. 10: ಎಪ್ಪತ್ತು ವರ್ಷ ಆಗಬೇಕು. ಇಷ್ಟೆಲ್ಲ ಆದ ಮೇಲೆ 11. ಎಪ್ಪತ್ತು ವರ್ಷ ಎಂದರೆ ಪತ್ರ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗುತ್ತಾರೆ. ವಾಗ್ದಾನ ಸುಳ್ಳಾಗಲಿಲ್ಲ, ಆದರೆ ಚೀಟಿಯಲ್ಲಿ ಕಂಡದ್ದಕ್ಕಿಂತ ದೊಡ್ಡದಾಯಿತು, ಗಡುಸೂ ಆಯಿತು. ‘ಮುಂದಿನ ವರ್ಷ ಊರಿಗೆ ಹೋಗಿಬಿಡ್ತೀವಿ’ ಎನ್ನುತ್ತಲೇ ಮೂವತ್ತು ವರ್ಷ ಧಾರಾವಿಯಲ್ಲೋ ಘಾಟ್‌ಕೋಪರಿನಲ್ಲೋ ಕಳೆದವರಿಗೆ 7ನೇ ವಚನದ ಹತ್ತಿರ ಬಂದಾಗ ಬೋಧಕರು ಏನೂ ಹೇಳಬೇಕಾಗುವುದಿಲ್ಲ. ಆ ಜಾಗದಲ್ಲಿ ಬಾಯಿ ಮುಚ್ಚಿಕೊಂಡಿರುವುದೂ ಒಂದು ಕಲಿಕೆ.

ಪ್ರಶ್ನೆ ಬರೆಯುವುದು ಕಾಣುವಷ್ಟು ಸುಲಭವಲ್ಲ. ‘ದೇವರು ಒಳ್ಳೆಯವನಲ್ಲವೇ?’ ಎಂದು ಕೇಳಿದರೆ ‘ಹೌದು, ಆಮೆನ್’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಉತ್ತರ ವಚನದೊಳಗೇ ಇರಬೇಕು, ಹುಡುಕದೆ ಸಿಗಬಾರದು. ಮತ್ತಾಯ 20ರ ದ್ರಾಕ್ಷಿತೋಟದ ಕೂಲಿಯವರನ್ನು ತೆಗೆದುಕೊಳ್ಳಿ. ಯಜಮಾನ ಎಷ್ಟು ಸಲ ಹೊರಗೆ ಹೋದ? ಐದು ಸಲ: ಬೆಳಗಿನ ಜಾವ, 9, 12, 3, ಕೊನೆಗೆ ಸಂಜೆ 5. ಸಂಜೆಯವರನ್ನು ಅವನು ಏನು ಕೇಳಿದ, ಅವರು ಏನೆಂದರು? ‘ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ’ (7ನೇ ವಚನ). ಕೂಲಿ ಹಂಚಿದ್ದು ಯಾರಿಂದ ಶುರುಮಾಡಿ? ಕಡೆಗೆ ಬಂದವರಿಂದ, ಮೊದಲು ಬಂದವರು ನಿಂತು ನೋಡಲೇಬೇಕಾಯಿತು. ನಾಣ್ಯದ ಹೆಸರು ಅನುವಾದದಿಂದ ಅನುವಾದಕ್ಕೆ ಬೇರೆ, ಅದರಲ್ಲಿ ಸಿಕ್ಕಿಕೊಳ್ಳಬೇಡಿ. ಅದು ಒಬ್ಬ ಆಳಿನ ಒಂದು ದಿನದ ಕೂಲಿ ಎಂದರೆ ಸಾಕು. ಇಷ್ಟಾದ ಮೇಲೆ ಪುಸ್ತಕ ಮುಚ್ಚಿಸಿ ಕಥೆ ಹೇಳಿಸುತ್ತೇವೆ, ಅವರವರ ಕನ್ನಡದಲ್ಲೇ. ಯಾದಗಿರಿ ಕಡೆಯವರು ‘ಮುಂಜಾನಿ ಬಂದವ್ರಿಗೂ ಅಷ್ಟ, ಸಂಜಿಕ ಬಂದವ್ರಿಗೂ ಅಷ್ಟ ಕೊಟ್ಟಾನ್ರಿ, ಇದು ಹ್ಯಾಂಗ ನ್ಯಾಯ?’ ಎಂದರೆ ಪಾಠ ಹತ್ತಿತು ಎಂದು ಲೆಕ್ಕ. ದಿನಗೂಲಿಗೆ ಕಾಯುವ ನಾಕಾದಲ್ಲಿ ನಿಂತು ಗೊತ್ತಿರುವವರಿಗೆ 11 ಗಂಟೆಯಾದರೂ ಯಾರೂ ಕರೆಯದಿದ್ದರೆ ಏನೆಂದು ಗೊತ್ತು, ಸಂಜೆ 5ರವರೆಗೆ ನಿಂತವನ ಹೊಟ್ಟೆಯೂ ಗೊತ್ತು. ಖಾಯಂ ನೌಕರಿಯವರು ಕಥೆಯಲ್ಲಿ ಮೊದಲು ಬಂದವರ ಪಕ್ಷ ಹಿಡಿಯುತ್ತಾರೆ. ಎರಡೂ ಕಡೆಯವರು ಒಂದೇ ಚಾಪೆಯ ಮೇಲಿದ್ದರೆ ಬೋಧಕರಿಗೆ ಉಳಿಯುವ ಕೆಲಸ ಒಂದೇ: 19:27ಕ್ಕೆ ಹಿಂದೆ ಕರೆದೊಯ್ದು, ‘ನಾವು ಎಲ್ಲ ಬಿಟ್ಟು ಬಂದೆವಲ್ಲ, ನಮಗೇನು ಸಿಗುತ್ತದೆ?’ ಎಂದು ಪೇತ್ರನು ಕೇಳಿದ್ದಕ್ಕೇ ಈ ಕಥೆ ಹುಟ್ಟಿತು ಎಂದು ತೋರಿಸುವುದು.

ಪ್ರಶ್ನೆ ಹಾಕಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆರನೇ ಎಣಿಕೆಗೆ ಹೆದರಿ ತಾವೇ ಉತ್ತರ ಹೇಳುವುದು ಹೊಸ ಬೋಧಕರೆಲ್ಲರ ತಪ್ಪು.

ಭಾಷೆಯ ವಿಷಯ ಈ ಊರಿಗೇ ವಿಶೇಷವಾದದ್ದು. ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮ. ಮನೆಯಲ್ಲಿ ಕನ್ನಡ ಆಡುತ್ತಾರೆ, ಲಿಪಿ ಬಾರದು. ಅವರ ಕಿವಿಗೆ ‘ಸಭೆ’ ಎಂದರೆ ಶಿವಾಜಿ ಪಾರ್ಕಿನ ಭಾಷಣ, ಏಕೆಂದರೆ ಕ್ರೈಸ್ತ ಸಭೆಗೆ ಮರಾಠಿಯಲ್ಲಿ ‘ಮಂಡಳಿ’ ಎನ್ನುತ್ತಾರೆ. ‘ಪ್ರಸಂಗ’ ಎಂದರೆ ಅವರಿಗೆ ನಡೆದ ಘಟನೆ. ಇನ್ನೂ ತೊಡಕಿನದು ‘ಶಿಕ್ಷೆ’. ಇಬ್ರಿಯ 12ರಲ್ಲಿ ಕರ್ತನು ತಾನು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆ ಎಂದು ಓದಿದಾಗ ಕನ್ನಡ, ಮರಾಠಿಯವರಿಗೆ ದಂಡನೆ ಕೇಳಿಸುತ್ತದೆ, ಹಿಂದಿಯಲ್ಲಿ ಕಲಿತವರಿಗೆ ವಿದ್ಯಾಭ್ಯಾಸ. ತಮಾಷೆಯೆಂದರೆ ಅಲ್ಲಿರುವ ಗ್ರೀಕ್ ಪದ ‘ಪೈದೆಯ’ ಮಗುವನ್ನು ತಿದ್ದಿ ಬೆಳೆಸುವುದನ್ನು ಹೇಳುತ್ತದೆ, ಬೆತ್ತವೂ ಪಾಠವೂ ಅದರೊಳಗಿವೆ. ಹಿಂದಿಯ ಹುಡುಗನ ‘ತಪ್ಪು’ ಅರ್ಧ ಸರಿ. ಇಂಥ ಪದಗಳ ಪಟ್ಟಿಯೊಂದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೆಳೆಸುತ್ತಾ ಹೋಗಬೇಕು.

ಇದಕ್ಕೆ ನಮ್ಮಲ್ಲಿ ಕೆಲಸ ಮಾಡಿದ ಉಪಾಯ: ಹೆತ್ತವರು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು, ಮಕ್ಕಳು ಅದೇ ಭಾಗವನ್ನು ಮರಾಠಿಯಲ್ಲಿ ಬೆರಳಿಟ್ಟು ಹಿಂಬಾಲಿಸುವುದು, ವಚನ ವಚನಕ್ಕೂ ನಿಲ್ಲಿಸಿ ಮಾತು ಎಲ್ಲಿ ಬೇರೆಯಾಯಿತೆಂದು ಹೇಳುವುದು. ಹತ್ತು ವಚನಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಸರಳ ಮಾತಿನ ಆದರ್ಶ ಬೇಕಾದವರಿಗೆ ಪಕ್ಕದ ಪುಣೆ ಜಿಲ್ಲೆಯ ಕೇಡಗಾಂವದಲ್ಲೇ ಇದೆ. ಪಂಡಿತಾ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಓದು ಕಡಿಮೆಯಿರುವ ಹೆಂಗಸರಿಗೂ ತಿಳಿಯಲೆಂದು ಬೈಬಲನ್ನು ಮರಾಠಿಗೆ ತಂದರು. 1922ರಲ್ಲಿ ಅವರು ತೀರಿಕೊಂಡ ಮೇಲೆ, 1924ರಲ್ಲಿ ಅದು ಅಚ್ಚಾಗಿ ಹೊರಬಂತು. ಹುಟ್ಟಿದ್ದು ಕರ್ನಾಟಕದ ಘಟ್ಟದಲ್ಲಿ, ದುಡಿದದ್ದು ಮಹಾರಾಷ್ಟ್ರದಲ್ಲಿ. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಲೇಬೇಕು.

ಕೆಡುವುದು ಎಲ್ಲಿ? ಹಿರಿಯರೊಬ್ಬರು ಎಲ್ಲ ಪ್ರಶ್ನೆಗೂ ತಾವೇ ಉತ್ತರಿಸುತ್ತಾರೆ; ಅವರಿಗೆ ಓದುವ ಕೆಲಸ ಕೊಟ್ಟು, ಉತ್ತರಕ್ಕೆ ಕೊನೆಯ ಸರದಿ ಕೊಡಿ. ಬೋಧಕರು ಒಂದು ವಚನದಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತಾರೆ. ಒಂದು ಪಾಠಕ್ಕೆ ಹೊರಗಿನ ಭಾಗ ಎರಡೇ ಎಂದು ಮಿತಿ ಹಾಕಿಕೊಳ್ಳಿ. ಕಂಡದ್ದಕ್ಕೆಲ್ಲ ಗುಪ್ತಾರ್ಥ ಹಚ್ಚುವ ಚಟ ಇನ್ನೊಂದು: ದಾವೀದನ ಐದು ಕಲ್ಲಿಗೆ ಐದು ಗುಣದ ಹೆಸರಿಡುವುದು, ಅವನು ಕವಣೆಗೆ ಹಾಕಿದ್ದು ಒಂದೇ ಕಲ್ಲು ಎಂಬುದನ್ನು ಮರೆಯುವುದು. ವಾಟ್ಸಾಪ್‌ನಲ್ಲಿ ಬಂದ ಬೋಧನೆಗೆ ಒಂದೇ ನಿಯಮ, ಅಧ್ಯಾಯ ವಚನ ಇಲ್ಲದ ಮಾತನ್ನು ಪಾಠದಲ್ಲಿ ಓದುವುದಿಲ್ಲ. ಪೌಲನು ಹೇಳಿದ್ದನ್ನೇ ಬೆರೋಯದವರು ದಿನದಿನವೂ ಶಾಸ್ತ್ರ ತೆರೆದು ಪರೀಕ್ಷಿಸಿದರು (ಅಪೊಸ್ತಲರ ಕೃತ್ಯಗಳು 17:11), ಫಾರ್ವರ್ಡ್ ಮಾಡಿದವರು ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ಬಾಸೆಲ್ ಮಿಷನ್ ಹಿನ್ನೆಲೆಯ ಕರಾವಳಿಯವರು, ಮೆಥೊಡಿಸ್ಟರು, ಪೆಂಟೆಕೊಸ್ಟ್ ಕೂಟಕ್ಕೆ ಹೋಗಿ ಬಂದವರು ಒಂದೇ ಕೋಣೆಯಲ್ಲಿರುವಾಗ ಶಿಶು ದೀಕ್ಷಾಸ್ನಾನದ ಮಾತು ಎದ್ದೇ ಏಳುತ್ತದೆ. ಆಗ ಬೋಧಕರು ತೀರ್ಪು ಕೊಡುವುದಿಲ್ಲ. ಪ್ರಶ್ನೆಯನ್ನು ಬರೆದುಕೊಂಡು ಸಭಾಪಾಲಕರಿಗೆ ಮುಟ್ಟಿಸುತ್ತಾರೆ. ‘ಗೊತ್ತಿಲ್ಲ, ಮುಂದಿನ ವಾರ ಹೇಳುತ್ತೇನೆ’ ಎನ್ನುವುದರಲ್ಲಿ ಅವಮಾನವಿಲ್ಲ, ಮುಂದಿನ ವಾರ ಹೇಳದೆ ಇರುವುದರಲ್ಲಿದೆ.

ಗೆರೆ ಎಳೆಯುವ ಆ ಸಹಾಯಕರೇ ಮುಂದಿನ ಬೋಧಕರು. 2 ತಿಮೊಥೆ 2:2ರಲ್ಲಿ ನಾಲ್ಕು ಕೊಂಡಿಗಳಿವೆ: ಪೌಲ, ತಿಮೊಥೆ, ನಂಬಿಗಸ್ತರು, ಅವರಿಂದ ಕಲಿಯುವ ಇತರರು. ಮೊದಲ ಎರಡು ತಿಂಗಳು ಗೆರೆಯ ಲೆಕ್ಕ ಮಾತ್ರ. ಮುಂದಿನ ಎರಡು ತಿಂಗಳು ಓದಿಸುವುದು, ಕಥೆ ಹೇಳಿಸುವುದು. ಐದನೇ ತಿಂಗಳಿಂದ ನಾಲ್ಕು ವಾರಕ್ಕೊಂದು ಇಡೀ ಪಾಠ. ಅಂದು ಬೋಧಕರು ಹಿಂದೆ ಕೂತು ಗೆರೆ ಎಳೆಯುತ್ತಾರೆ. ತಪ್ಪಿದ್ದರೆ ಎಲ್ಲರೆದುರು ತಿದ್ದಬಾರದು. ಪ್ರಿಸ್ಕಿಲ್ಲಳೂ ಆಕೆಯ ಗಂಡ ಅಕ್ವಿಲನೂ ಬೋಧಕನಾದ ಅಪೊಲ್ಲೋಸನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ ಹೆಚ್ಚು ಸರಿಯಾಗಿ ವಿವರಿಸಿದರು (ಅಪೊಸ್ತಲರ ಕೃತ್ಯಗಳು 18:26). ನಮ್ಮಲ್ಲಿ ಅದು ಸ್ಟೇಷನ್ನಿಗೆ ನಡೆದು ಹೋಗುವ ಹತ್ತು ನಿಮಿಷದಲ್ಲಿ ಆಗುತ್ತದೆ: ಚೆನ್ನಾಗಿದ್ದದ್ದು ಒಂದು, ಬದಲಾಗಬೇಕಾದದ್ದು ಒಂದು, ಅಷ್ಟೇ. ಹೆಂಗಸರನ್ನು ಸಹಾಯಕರಾಗಿ ತೆಗೆದುಕೊಳ್ಳಲು ಹಿಂಜರಿಯುವವರು ಆ ವಚನದಲ್ಲಿ ಯಾರ ಹೆಸರು ಮೊದಲು ಬಂದಿದೆಯೆಂದು ಮತ್ತೊಮ್ಮೆ ನೋಡಲಿ.

ಹೊಸ ಗುಂಪಿಗೆ ಮಾರ್ಕನ ಸುವಾರ್ತೆ ಒಳ್ಳೆಯದು. 16 ಅಧ್ಯಾಯ, ಇಡಿಯಾಗಿ ಗಟ್ಟಿಯಾಗಿ ಓದಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಮನೆಯಲ್ಲಿ ಪೂರ್ತಿ ಓದಿಸಿ, ಪಾಠಕ್ಕೆ 20 ಭಾಗ ಆರಿಸಿ. ಶಾಲೆ ತೆರೆಯುವ ಜೂನ್ ನಡುವಿನಲ್ಲಿ ಶುರುಮಾಡಿದರೆ ನವೆಂಬರ್ ಕೊನೆಗೆ ಸುಮಾರು 24 ಭಾನುವಾರ ಸಿಗುತ್ತವೆ. ಜುಲೈ ಮಳೆಗೆ ಗಾಡಿ ನಿಂತು ಎರಡು ಹೋಗುತ್ತವೆ, ಗಣಪತಿಗೆ ಒಂದು, ದೀಪಾವಳಿಗೆ ಒಂದು. ಡಿಸೆಂಬರ್ ಕ್ಯಾರಲ್ ಪಾಲು, ಮೇ ತಿಂಗಳು ಊರಿನ ಪಾಲು. ಜನವರಿಯಲ್ಲಿ ಹೊಸ ಪುಸ್ತಕ ಹಿಡಿಯುವ ಮೊದಲು ಒಂದು ವಾರ ವಾಗ್ದಾನದ ಚೀಟಿಗಳನ್ನು ತರಲು ಹೇಳಿ, ಒಂದೊಂದನ್ನೂ ಅದರ ಅಧ್ಯಾಯದೊಳಗೆ ಇಟ್ಟು ಓದಿಸುತ್ತೇವೆ.