ನಡುನೀರಿನಲ್ಲಿ ಎಂಜಿನ್ ನಿಂತಾಗ: ಸ್ವಯಂಸೇವಕರ ದೋಣಿ ಬರುವವರೆಗೆ, ಬಂದ ಮೇಲೆ

ಎಂಜಿನ್ ನಿಂತ ಕೂಡಲೇ ಅದರ ಮುಚ್ಚಳಕ್ಕೆ ಕೈ ಹಾಕಬೇಡಿ. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಲಂಗರು ಬಿಡಿ. ರಿಪೇರಿಗೆ ತಲೆ ಬಗ್ಗಿಸಿ ಕೂತವರಿಗೆ ದೋಣಿ ಬಂಡೆಯತ್ತ ಸರಿಯುವುದು ಕಾಣುವುದೇ ಇಲ್ಲ. ಆಳ 6 ಮೀಟರ್ ಇದ್ದರೆ 30ರಿಂದ 42 ಮೀಟರ್ ಹಗ್ಗ ಬಿಡಬೇಕು. ಕಡಿಮೆಯಾದರೆ ಹಗ್ಗ ಲಂಗರನ್ನು ಮೇಲಕ್ಕೆತ್ತುತ್ತದೆ, ಲಂಗರು ತಳ ಕಚ್ಚುವುದಿಲ್ಲ.

ಇನ್ನು ಎಂಜಿನ್. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಇಲ್ಲದಿದ್ದರೆ ಕಿಲ್ ಸ್ವಿಚ್‌ನ (ದಾರ ಕಳಚಿದರೆ ಎಂಜಿನ್ ನಿಲ್ಲಿಸುವ ಸ್ವಿಚ್) ದಾರ ಕಳಚಿದೆಯೇ ನೋಡಿ. ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗೆ ತೂಗುಹಾಕಿದ ಎಂಜಿನ್) ಆಗಿದ್ದರೆ ಪೆಟ್ರೋಲ್ ಪೈಪಿನ ನಡುವಿನ ಪ್ರೈಮರ್ ಬಲ್ಬನ್ನು, ಅಂದರೆ ಪೆಟ್ರೋಲ್ ತುಂಬಿಸುವ ರಬ್ಬರ್ ಗುಂಡನ್ನು, ಹಿಚುಕಿ. ಅದು ಚಪ್ಪಟೆಯಾಗಿಯೇ ಉಳಿದಿದ್ದರೆ ಟ್ಯಾಂಕಿನಿಂದ ಪೆಟ್ರೋಲ್ ಬರುತ್ತಿಲ್ಲ. ಎಷ್ಟೋ ಸಲ ಟ್ಯಾಂಕ್ ಮುಚ್ಚಳದ ಗಾಳಿ ತಿರುಪನ್ನು ತೆರೆಯಲು ಮರೆತಿರುವುದೇ ಕಾರಣ. ಎಷ್ಟು ಹಿಚುಕಿದರೂ ಗಟ್ಟಿಯಾಗದಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ.

ಇಷ್ಟಕ್ಕೆ ಸರಿಹೋಗದಿದ್ದರೆ ಬೆಳಕಿರುವಾಗಲೇ ಸಹಾಯ ಕೇಳಿ. 1824ರಲ್ಲಿ ಶುರುವಾದ ಬ್ರಿಟನ್ನಿನ ಆರ್‌ಎನ್‌ಎಲ್‌ಐನಂಥ (ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್) ಸಮುದ್ರ ರಕ್ಷಣಾ ಸಂಸ್ಥೆಗಳ ದೋಣಿಗಳಲ್ಲಿ ಬರುವವರಲ್ಲಿ ಬಹುಪಾಲು ಸ್ವಯಂಸೇವಕರು. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ಕತ್ತಲಾಗುವವರೆಗೆ ಸಂಕೋಚಪಟ್ಟು ಕಾದರೆ ಅವರ ರಕ್ಷಣಾ ಕೆಲಸವೇ ಹೆಚ್ಚು ಅಪಾಯಕರವಾಗುತ್ತದೆ. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯಿರಿ. ಜೀವಕ್ಕೆ ಸದ್ಯವೇ ಅಪಾಯವಿದ್ದರೆ "ಮೇಡೇ", ತುರ್ತಿದ್ದೂ ಅಷ್ಟು ಗಂಡಾಂತರವಿಲ್ಲದಿದ್ದರೆ "ಪ್ಯಾನ್-ಪ್ಯಾನ್", ಮೂರು ಸಲ. ಆಮೇಲೆ ದೋಣಿಯ ಹೆಸರು, ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ, ಏನಾಗಿದೆ, ಎಷ್ಟು ಜನರಿದ್ದೀರಿ, ಲಂಗರು ಹಿಡಿದಿದೆಯೇ ಎಂಬುದನ್ನು ಹೇಳಿ. ಅಷ್ಟರಲ್ಲಿ ಎಂಜಿನ್ ಶುರುವಾದರೆ ಅದನ್ನೂ ತಿಳಿಸಿ, ಇಲ್ಲದಿದ್ದರೆ ಅವರು ಖಾಲಿ ನೀರಿನಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ.

ಅವರು ಬಂದ ಮೇಲೆ ಹೆಚ್ಚಿನ ಎಡವಟ್ಟು ಆಗುವುದು ನಿಮ್ಮ ದೋಣಿಯನ್ನು ಎಳೆಯುವ ಹಗ್ಗ ಕಟ್ಟುವಾಗ. ಕೈಹಿಡಿಯುವ ಕಂಬಿಗೆ ಕಟ್ಟಿದರೆ ಮೊದಲ ಜಗ್ಗಿಗೇ ಅದು ಕಿತ್ತು ಬರುತ್ತದೆ. ಮುಂಭಾಗದ ಕ್ಲೀಟ್ (ಹಗ್ಗ ಸುತ್ತಿ ಕಟ್ಟುವ ಎರಡು ಕೊಂಬಿನ ಗೂಟ) ಕೂಡ ಮರಕ್ಕೆ ಹಾಕುವ ತಿರುಪಿನಲ್ಲಷ್ಟೇ ಕೂತಿದ್ದರೆ ನಂಬಬೇಡಿ. ಬೋಲ್ಟ್ ಆಚೆ ತೂರಿ, ಕೆಳಗೆ ತಟ್ಟೆ ಕೊಟ್ಟಿರಬೇಕು. ಎರಡು ಕ್ಲೀಟ್‌ಗಳಿದ್ದರೆ ಹಗ್ಗವನ್ನು ವಿ ಆಕಾರದಲ್ಲಿ ಎರಡಕ್ಕೂ ಹಂಚಿ. ಬೋಲೈನ್ ಗಂಟು (ಜಾರದ ಕುಣಿಕೆ ಗಂಟು) ಭಾರ ಬಿದ್ದಾಗ ಬಿಚ್ಚಲು ಬರುವುದಿಲ್ಲ, ಅದಕ್ಕೇ ಕ್ಲೀಟಿಗೆ ಸುತ್ತಿ ಹಾಕುವುದು ಲೇಸು. ಅಂಚಿಗೆ ಉಜ್ಜುವ ಕಡೆ ದಪ್ಪ ಬಟ್ಟೆ ಸುತ್ತಿ, ಚಾಕು ಕೈಗೆಟುಕುವಂತಿರಲಿ.

ಹಗ್ಗ ಭದ್ರವಾದ ಮೇಲೆಯೇ ಲಂಗರು ಎತ್ತಿ. ಎಲ್ಲರೂ ಹಿಂದಕ್ಕೆ ಸರಿದು ಕೂರಲಿ. ಆಗ ದೋಣಿಯ ಮೂತಿ ನೀರಿಗೆ ಮುಳುಗುವುದಿಲ್ಲ, ಬಿಗಿದ ಹಗ್ಗದ ನೇರದಲ್ಲೂ ಯಾರೂ ಇರುವುದಿಲ್ಲ. ನೈಲಾನ್ ಹಗ್ಗ ಹಿಗ್ಗಿ ಜಗ್ಗನ್ನು ನುಂಗುತ್ತದೆ ನಿಜ, ಆದರೆ ಹರಿದರೆ ಅಷ್ಟೇ ಬಿರುಸಾಗಿ ಹಿಂದಕ್ಕೆ ಹೊಡೆಯುತ್ತದೆ. ಅಲೆಗಳಿದ್ದರೆ ಎರಡೂ ದೋಣಿಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಷ್ಟು ಹಗ್ಗ ಬಿಡುತ್ತಾರೆ. ನೀವು ಚುಕ್ಕಾಣಿ ಹಿಡಿದು ಅವರ ಹಿಂಭಾಗಕ್ಕೆ ನೇರವಾಗಿ ಸಾಗಿ. ದಡದ ಬಳಿ ಅವರು ವೇಗ ತಗ್ಗಿಸಿದಾಗ ಹಗ್ಗ ಸಡಿಲವಾಗುತ್ತದೆ. ಅವರು ಎಳೆದುಕೊಳ್ಳುವವರೆಗೆ ನಿಮ್ಮ ಪ್ರೊಪೆಲ್ಲರ್ ತಿರುಗದಿರಲಿ.