ಉಳಿದ ಕುಂಬಳಕಾಯಿಯನ್ನು ಬಿಸಾಡುವ ಮುನ್ನ

ತೊಟ್ಟು ಮುರಿಯದ, ಸಿಪ್ಪೆಗೆ ಗಾಯವಾಗದ ಬಲಿತ ಕುಂಬಳಕಾಯಿ ತಂಪಾದ, ಗಾಳಿಯಾಡುವ ಒಣ ಜಾಗದಲ್ಲಿ ಎರಡು-ಮೂರು ತಿಂಗಳು ಕೆಡದೆ ಇರುತ್ತದೆ. ಚಾಕು ತಾಗಿತೋ, ಲೆಕ್ಕ ಬದಲಾಯಿತು. ಹೆಚ್ಚಿದ ಹೋಳು ಫ್ರಿಜ್ಜಿನಲ್ಲಿ ನಾಲ್ಕು ದಿನ ಬಾಳಿಕೆ ಬರುತ್ತದೆ. ಎರಡು ಗಂಟೆಗೂ ಹೆಚ್ಚು ಹೊರಗೇ ಉಳಿದದ್ದು, ಅಲಂಕಾರಕ್ಕೆಂದು ಕೊರೆದದ್ದು, ಒಳಗೆ ಮೇಣದಬತ್ತಿ ಉರಿಸಿದ್ದು ಅಡುಗೆಗೆ ಬೇಡ. ಮೇಣ, ಬಣ್ಣ ಕೆರೆದು ತೆಗೆದು ಗೊಬ್ಬರಕ್ಕೆ ಹಾಕಿ.

ಅಡುಗೆಗೆ ಇಟ್ಟುಕೊಳ್ಳುವ ಮೊದಲು ಹಸಿ ತಿರುಳಿನ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನೇ ಕೈಬಿಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ವಸ್ತುವಿನದು, ಬೇಯಿಸಿದರೂ ಹೋಗುವುದಿಲ್ಲ. ಅದರ ಬೀಜವನ್ನು ಬಿತ್ತಲೂಬೇಡಿ.

ತಿರುಳನ್ನು ನೀರಲ್ಲಿ ಕುದಿಸಿದರೆ ನೀರು ಹೀರಿ ಸಪ್ಪೆಯಾಗುತ್ತದೆ. ಹಬೆಯಲ್ಲಿ 15–20 ನಿಮಿಷ ಬೇಯಿಸಿ, ರುಬ್ಬಿ, ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಡಿ. ಆರಿದ ಮೇಲೆ ಒಂದೊಂದು ಕಪ್ ಅಳೆದು ಡಬ್ಬಿಗೆ ತುಂಬಿ ಫ್ರೀಜರಿಗೆ ಇಡಿ. ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಮೇಲೆ ಎರಡು ಬೆರಳು ಜಾಗ ಬಿಡಬೇಕು. ಆರು ತಿಂಗಳು ಧಾರಾಳವಾಗಿ ಬಳಸಬಹುದು. ರುಬ್ಬಿದ ತಿರುಳನ್ನು ಬಾಟಲಿಯಲ್ಲಿ ಮುಚ್ಚಿ ಕುದಿಸಿ ಕಪಾಟಿನಲ್ಲಿಡುವ ಪ್ರಯೋಗ ಮಾತ್ರ ಮನೆಯಲ್ಲಿ ಬೇಡವೇ ಬೇಡ. ಅದು ಮಂದ, ಹುಳಿಯೂ ಕಡಿಮೆ. ನಡುಭಾಗಕ್ಕೆ ಶಾಖ ಸರಿಯಾಗಿ ತಲುಪದೆ ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ವಿಷ ಹುಟ್ಟುವ ಅಪಾಯವಿದೆ.

ಬೀಜ ಹುರಿಯುವುದಾದರೆ ನಾರು ತೊಳೆದು, ಎರಡು ಕಪ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಬಟ್ಟೆಯ ಮೇಲೆ ಹರಡಿ, ಕೈಗೆ ಜಾರದಷ್ಟು ಒಣಗಿಸಿ. ಈ ಹಂತ ಬಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಬೇಳೆ ರಬ್ಬರಿನಂತೆ ಉಳಿಯುತ್ತದೆ. ಓವನ್ನಿನಲ್ಲಿ 160 ಡಿಗ್ರಿಯಲ್ಲಿ 20–25 ನಿಮಿಷ, ನಡುವೆ ಎರಡು ಸಲ ಕೈಯಾಡಿಸಿ. ಆರಿದ ಬೀಜ ಕಚ್ಚಿದರೆ ಕಟಕ್ಕೆನ್ನಬೇಕು.

ಬಿತ್ತನೆಯ ಬೀಜಕ್ಕೆ ಬೆಂಕಿಯೂ ಬೇಡ, ಬಿಸಿಲೂ ಬೇಡ. ದಪ್ಪನೆಯವನ್ನು ಆರಿಸಿ ತಟ್ಟೆಯಲ್ಲಿ ನೆರಳಿನಲ್ಲಿ ಎರಡು-ಮೂರು ವಾರ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಬಿಡಿಸಲಾಗದು. ಬಾಗಿಸಿದಾಗ ಬಾಗದೆ ಮುರಿದರೆ ಒಣಗಿದೆ ಎಂದರ್ಥ. ಗಾಳಿಯಾಡದ ಸೀಸೆಯಲ್ಲಿ ತಂಪಾಗಿಟ್ಟರೆ ನಾಲ್ಕು ವರ್ಷದವರೆಗೂ ಮೊಳೆಯುತ್ತದೆ. ಜೇನ್ನೊಣ ಬೇರೆ ತಳಿಯ ಪರಾಗ ತಂದಿದ್ದರೆ, ಅಥವಾ ಕಾಯಿ ಹೈಬ್ರಿಡ್ ಆಗಿದ್ದರೆ, ಮುಂದಿನ ಬಳ್ಳಿಯ ಕಾಯಿ ತಾಯಿಯಂತಿರುವುದಿಲ್ಲ. ಹಾಗಾಗಿ ಆ ಹೊಸ ಕಾಯಿಗೂ ನಾಲಿಗೆಯ ಪರೀಕ್ಷೆ ಮಾಡಲೇಬೇಕು.

ಗೊಬ್ಬರದ ಗುಂಡಿಯಲ್ಲಿ ಹೆಚ್ಚಿನವರು ಎಡವುವುದು ಇಡೀ ಕಾಯಿಯನ್ನು ಎಸೆದು. ಕುಂಬಳದಲ್ಲಿ ಶೇ. 90ರಷ್ಟು ನೀರೇ. ಅದು ಲೋಳೆಯಾಗಿ ಕುಸಿದು ಗಾಳಿಯ ದಾರಿ ಮುಚ್ಚಿ ನಾರುತ್ತದೆ, ನೊಣ ಮುತ್ತುತ್ತದೆ. ಬೀಜ ತೆಗೆದು (ಇಲ್ಲದಿದ್ದರೆ ಗುಂಡಿಯೆಲ್ಲ ಬಳ್ಳಿ), ಎರಡು ಬೆರಳಗಲದ ತುಂಡು ಮಾಡಿ, ಒಂದು ಬಕೆಟ್ ತುಂಡಿಗೆ ಎರಡು-ಮೂರು ಬಕೆಟ್ ಒಣ ಎಲೆ ಬೆರೆಸಿ. ಒಂದು ಹಿಡಿ ಹಿಂಡಿದರೆ ಕೈ ತೇವವಾಗಬೇಕು, ನೀರು ಧಾರೆಯಾಗಿ ಇಳಿಯಬಾರದು. ಗುಂಡಿ ಇಲ್ಲದವರು ಪಾತಿಯಲ್ಲಿ ಒಂದಡಿ ಆಳಕ್ಕೆ ಹೂತು ಮೇಲೆ ಗೇಣುದ್ದ ಮಣ್ಣು ಮುಚ್ಚಿ. ಮೇಲಮೇಲೆ ಹೂತರೆ ಇಲಿ ಕೆದಕುತ್ತದೆ. ಎರಡು ತಿಂಗಳು ಬಿಟ್ಟು ಅಲ್ಲಿ ಸಸಿ ನೆಡಿ.

ಎರೆಹುಳುವಿಗೆ ಕುಂಬಳವೆಂದರೆ ಬಲು ಇಷ್ಟ. ತುಂಡುಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಪೂರ್ತಿ ಕರಗಿಸಿ ಕೊಡಿ. ಮಂಜಿನ ಹರಳು ಜೀವಕೋಶಗಳನ್ನು ಒಡೆದಿರುವುದರಿಂದ ಬೇಗ ಮೆದುವಾಗುತ್ತದೆ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಒಂದೆರಡು ಹಿಡಿ ಹೂತು, ಅದು ಕರಗಿದ ಮೇಲೆ ಮತ್ತೆ ಹಾಕಿ. ಒಮ್ಮೆಲೇ ಸುರಿದರೆ ಪೆಟ್ಟಿಗೆ ಬಿಸಿಯೇರಿ ಹುಳುಗಳು ಓಡಿಹೋಗುತ್ತವೆ.

ಸಣ್ಣ ಕಾಯಿಯ ಅರ್ಧ ಚಿಪ್ಪು ಸಸಿಗೆ ಕುಂಡವಾಗುತ್ತದೆ. ಬೆರಳು ದಪ್ಪದ ಗೋಡೆ ಉಳಿಸಿ, ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ ಸಸಿ ಇಡಿ. ಒಂದೆರಡು ವಾರದಲ್ಲಿ ಚಿಪ್ಪು ಮೆತ್ತಗಾಗತೊಡಗುತ್ತದೆ. ಕುಸಿಯುವ ಮೊದಲೇ ಚಿಪ್ಪಿನ ಸಮೇತ ನೆಡಿ, ಅಂಚು ಮಣ್ಣಿನೊಳಗೇ ಮುಚ್ಚಿಹೋಗಲಿ.